‘ಯಾಕ ಹೊಡದ?’ ಅಲ್ಲ, ‘ಹೆಂಗ ಹೊಡದ?’

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಈ ಗಾದೆಯನ್ನು ನಾನು ಮನೆಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೇಳಿರುವುದು ಪೊಲೀಸ್ ಠಾಣೆಗಳಲ್ಲಿ. ಹೇಳುವವರು ಕೆಟ್ಟವರೇನಲ್ಲ. ಮೀಸೆ ಹಣ್ಣಾದ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಎದುರಿಗೆ ಕುಳಿತ ಹುಡುಗಿಗೆ ನೀರು ಕೊಟ್ಟು, ‘ತಂಗಿ’ ಅಂತ ಕರೆದು, ಸ್ವಂತ ಮಗಳಿಗೆ ಹೇಳುವ ಹಾಗೆ ಹೇಳುತ್ತಾರೆ. ಹುಡುಗಿ ತಲೆಯಾಡಿಸಿ ಎದ್ದು ಹೋಗುತ್ತಾಳೆ. ಅಲ್ಲಿಗೆ ಒಂದು ಪ್ರಕರಣ ಶುರುವಾಗುವ ಮೊದಲೇ ಮುಗಿದಿರುತ್ತದೆ.

ನಾನು ವಕೀಲೆ. ಬಾದಾಮಿ ಹತ್ತಿರದ ಬನಶಂಕರಿ ನನ್ನೂರು. ಬಾದಾಮಿ, ಹುನಗುಂದದ ಕೋರ್ಟುಗಳಿಗೆ ಓಡಾಡುತ್ತ ಹತ್ತು ವರ್ಷವಾಯಿತು. ನನ್ನ ಟೇಬಲ್ಲಿಗೆ ಬರುವ ಕಡತಗಳಲ್ಲಿ ಮನೆಯೊಳಗಿನ ಹೊಡೆತದ್ದೇ ದೊಡ್ಡ ಪಾಲು. ಇಷ್ಟು ದಿನ ನೋಡಿ ನನಗೆ ಅನಿಸಿದ್ದು ಒಂದೇ ಮಾತು: ನಮ್ಮ ಠಾಣೆಗಳಲ್ಲಿ ಅಂತಃಕರಣಕ್ಕೆ ಕೊರತೆಯಿಲ್ಲ, ತನಿಖೆಗೆ ಕೊರತೆಯಿದೆ. ಕಳವು ಆದರೆ ಬೆರಳಚ್ಚು ಹುಡುಕುವ ಅದೇ ಪೊಲೀಸರು, ಹೆಂಡತಿಗೆ ಹೊಡೆತ ಬಿದ್ದರೆ ಬುದ್ಧಿಮಾತು ಹುಡುಕುತ್ತಾರೆ. ಇದು ಸ್ವಭಾವದ ತಪ್ಪಲ್ಲ, ಕಲಿಸದೇ ಬಿಟ್ಟದ್ದರ ಫಲ. ಕಲಿಸಿದರೆ ಬದಲಾಗುತ್ತದೆ.

ಒಂದು ಪ್ರಶ್ನೆಯ ವ್ಯತ್ಯಾಸ

ಠಾಣೆಯಲ್ಲಿ ಹೆಣ್ಣುಮಗಳಿಗೆ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: “ಯಾಕ ಹೊಡದ್ನವಾ? ನೀ ಏನರ ಅಂದಿದ್ದೇನು?”

‘ಯಾಕ’ ಅಂತ ಕೇಳಿದರೆ ಬರುವ ಉತ್ತರ ಕಾರಣಗಳದ್ದು. ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ತವರಿಗೆ ಫೋನ್ ಮಾಡಿದೆ, ಗೋವಾದಿಂದ ದುಡಿದು ತಂದ ರೊಕ್ಕ ಎಲ್ಲಿ ಅಂತ ಕೇಳಿದೆ. ಕಾರಣ ಬಂದ ಕೂಡಲೇ ಮಾತು ಪಂಚಾಯ್ತಿಗೆ ತಿರುಗುತ್ತದೆ. ಇಬ್ಬರದೂ ಸ್ವಲ್ಪ ಸ್ವಲ್ಪ ತಪ್ಪಿದೆ ಎಂಬ ತೀರ್ಮಾನ ಅರ್ಧ ಗಂಟೆಯಲ್ಲಿ ಸಿದ್ಧ.

ಅದೇ ಪೊಲೀಸರು “ಹೆಂಗ ಹೊಡದ?” ಅಂತ ಕೇಳಲಿ. ಕೈಯಿಂದಲೋ ಬೆಲ್ಟಿನಿಂದಲೋ? ಯಾವ ಕೋಣೆ? ಬಾಗಿಲು ಹಾಕಿತ್ತೇ? ಕೂಗಿದ್ದು ಯಾರಿಗೆ ಕೇಳಿಸಿತು? ಮಕ್ಕಳು ಎಲ್ಲಿದ್ದರು? ಇದೇ ಮೊದಲೋ? ಹಿಂದಿನ ಸಲ ಯಾವಾಗ? ಪ್ರತಿ ಉತ್ತರವೂ ಒಂದು ಸಾಕ್ಷಿಯ ಕಡೆ ಕೈ ತೋರಿಸುತ್ತದೆ: ಒಂದು ವಸ್ತು, ಒಂದು ಸ್ಥಳ, ಪಕ್ಕದ ಮನೆಯ ಒಬ್ಬ ಅಜ್ಜಿ.

ಮೆಟ್ಟಿಲು ಹತ್ತುವವರೇ ಕಡಿಮೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಹೇಳಿದ್ದು ನೆಮ್ಮದಿಯ ಸುದ್ದಿಯಲ್ಲ. 18ರಿಂದ 49 ವಯಸ್ಸಿನ, ಮದುವೆಯಾದ ಹೆಣ್ಣುಮಕ್ಕಳಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6 ಇತ್ತು. ದೇಶದ ಸರಾಸರಿ ಶೇ 29.3.

ಅದೇ ಸಮೀಕ್ಷೆಯ ಇನ್ನೊಂದು ಲೆಕ್ಕವನ್ನೂ ನೋಡಿ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ಸಹಾಯ ಕೇಳಿದವರು ಶೇ 14 ಮಾತ್ರ. ಶೇ 77 ಮಂದಿ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಕೇಳಿದವರೂ ಬಹುಪಾಲು ಹೋಗಿದ್ದು ತವರಿಗೆ. ಠಾಣೆಯ ತನಕ ಬಂದವಳು ಎಷ್ಟೋ ರಾತ್ರಿ ನುಂಗಿಕೊಂಡು, ಎಷ್ಟೋ ಜನರನ್ನು ದಾಟಿ ಬಂದವಳು. ಅವಳಿಗೆ ಸಿಗುವ ಮೊದಲ ಅರ್ಧ ಗಂಟೆ ಮತ್ತೆ ಸಿಗಲಿಕ್ಕಿಲ್ಲ.

ಗಾಯ ಕಾಣದ ಕುತ್ತಿಗೆ

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಊರು, ಠಾಣೆ ಯಾವುದನ್ನೂ ಹೇಳುವುದಿಲ್ಲ.

ಇಪ್ಪತ್ತಾರು ವರ್ಷದ ಹೆಣ್ಣುಮಗಳು. ಗಂಡನ ಊರಿನ ಠಾಣೆಗೆ ಹೋಗಿ “ಕುತಿಗಿ ಹಿಚುಕಿದ್ರಿ” ಅಂದಳು. ಕೊರಳ ಮೇಲೆ ಗುರುತು ಇರಲಿಲ್ಲ. ಹಾಗಾಗಿ ಆಸ್ಪತ್ರೆಗೆ ಕಳಿಸಲಿಲ್ಲ. ಗಂಡನನ್ನು ಕರೆಸಿ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡರು. ಅರ್ಜಿಯ ಮೇಲೆ ಬರೆದದ್ದು ಒಂದೇ ಸಾಲು: ಗಂಡ ಹೆಂಡತಿ ನಡುವೆ ಬಾಯಿಮಾತಿನ ಜಗಳ, ತಿಳಿಹೇಳಿ ಕಳಿಸಲಾಗಿದೆ. ಮೂರು ದಿನ ಅವಳ ದನಿ ಒಡೆದಿತ್ತು, ರೊಟ್ಟಿ ನುಂಗಲು ಆಗುತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ, ಅವಳಿಗೂ ಅದು ಹೇಳಬೇಕಾದ ವಿಷಯ ಅಂತ ಗೊತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಮತ್ತೆ ಅದೇ ಆಯಿತು. ಈ ಸಲ ಅವಳು ತವರಿಗೆ ಬಂದು, ತವರಿನ ಠಾಣೆಗೆ ಹೋದಳು. ಗಂಡನ ಮನೆ ಬಿಟ್ಟು ಆಶ್ರಯ ಪಡೆದ ಊರಿನಲ್ಲೂ ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟು 2019ರಲ್ಲೇ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಅಲ್ಲಿದ್ದ ಚಿಕ್ಕ ವಯಸ್ಸಿನ ಪಿಎಸ್‌ಐ ಮೇಡಂ ಕೇಳಿದ ಪ್ರಶ್ನೆಗಳೇ ಬೇರೆ. “ಒಂದ ಕೈಲೆ ಹಿಡದ್ನೋ, ಎರಡೂ ಕೈಲೇನು? ಕಣ್ಣಿಗೆ ಕತ್ತಲಿ ಬಂತೇನು? ಉಚ್ಚಿ ಹೋತೇನು? ಈಗ ಉಗುಳು ನುಂಗಾಕ ನೋವೈತೇನು? ಆವಾಗ ಅಂವ ಏನಂದ?”

ಉಚ್ಚಿಯ ಪ್ರಶ್ನೆಗೆ ಹುಡುಗಿ ತಲೆ ತಗ್ಗಿಸಿ ಅತ್ತಳು. ನಾಚಿಕೆಯಿಂದ ತಾಯಿಗೂ ಹೇಳಿರದ ಮಾತು ಅದು. ಆ ಪಿಎಸ್‌ಐ ಅವಳ ಮಾತನ್ನು ಅವಳದೇ ಶಬ್ದಗಳಲ್ಲಿ ಬರೆಸಿ, ಪತ್ರ ಕೊಟ್ಟು ಆಸ್ಪತ್ರೆಗೆ ಕಳಿಸಿದರು. ವೈದ್ಯರು ಕಣ್ಣಿನ ಒಳಗಿನ ಸಣ್ಣ ರಕ್ತದ ಚುಕ್ಕೆಗಳನ್ನು ಗಾಯದ ಪ್ರಮಾಣಪತ್ರದಲ್ಲಿ ನಮೂದಿಸಿದರು. ಕಂದಿದ ಗುರುತು ಎಷ್ಟೋ ಸಲ ಒಂದೆರಡು ದಿನ ತಡವಾಗಿ ಮೂಡುತ್ತದೆ; ಅದಕ್ಕೆ ಮೂರನೇ ದಿನ ಮತ್ತೆ ಕರೆಸಿ ಫೋಟೋ ತೆಗೆಸಿದರು. ಮುರಿದ ಚಿಲಕಕ್ಕೆ ಪಂಚನಾಮೆ ಆಯಿತು. ಪ್ರಕರಣ ಇನ್ನೂ ನಡೆಯುತ್ತಿದೆ, ತೀರ್ಪು ಏನಾಗುತ್ತದೋ ನೋಡಬೇಕು. ಆದರೆ ಕೋರ್ಟಿನ ಮುಂದೆ ಇಡಲು ಈಗ ನಮ್ಮ ಹತ್ತಿರ ಏನಾದರೂ ಇದೆ.

ಆ ಪ್ರಶ್ನೆಗಳು ಆಕೆಗೆ ಹುಟ್ಟಿನಿಂದ ಬಂದದ್ದಲ್ಲ, ಒಂದು ತರಬೇತಿಯಲ್ಲಿ ಕಲಿತದ್ದು. ಅವುಗಳ ಹಿಂದೆ ಒಂದು ಕಥೆಯೂ ಇದೆ. ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ 1995ರಲ್ಲಿ ಇಬ್ಬರು ಹದಿಹರೆಯದ ಹುಡುಗಿಯರು ತಮ್ಮ ಸಂಗಾತಿಗಳ ಕೈಯಲ್ಲಿ ಸತ್ತರು. ಎಲ್ಲಿ ತಪ್ಪಿತು ಅಂತ ನೋಡಲು ಅಲ್ಲಿನ ಸರ್ಕಾರಿ ವಕೀಲರು ಕತ್ತು ಹಿಸುಕಿದ 300 ಪ್ರಕರಣಗಳ ಕಡತ ಬಿಚ್ಚಿದರು. ಅರ್ಧದಷ್ಟರಲ್ಲಿ ಕಣ್ಣಿಗೆ ಕಾಣುವ ಗಾಯವೇ ಇರಲಿಲ್ಲ. ಫೋಟೋದಲ್ಲಿ ಕಾಣುವಷ್ಟು ಗುರುತು ಇದ್ದದ್ದು ಶೇ 15ರಷ್ಟರಲ್ಲಿ. ಮುಂದೆ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಒಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡ ಮಹಿಳೆ ಅವನ ಕೈಯಲ್ಲೇ ಕೊಲೆಯಾಗುವ ಸಾಧ್ಯತೆ ಏಳು ಪಟ್ಟು ಹೆಚ್ಚು ಅಂತ ತೋರಿಸಿತು.

ಗುರುತಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ. ಈ ಒಂದು ಮಾತು ಪ್ರತಿ ಠಾಣೆಯ ಗೋಡೆಗೆ ಅಂಟಿಸುವಂಥದ್ದು.

ಜಾತ್ರೆ, ಪಂಚಮಿ ಮತ್ತು ತಾರೀಖು

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. 1983ರಿಂದ ನಮಗೆ ಪರಿಚಯವಿದ್ದ 498ಎ ಈಗ ಅದರ 85 ಮತ್ತು 86ನೇ ಕಲಂ. ಅಲ್ಲಿ ‘ಕ್ರೌರ್ಯ’ ಅಂದರೆ ಹೆಣ್ಣುಮಗಳನ್ನು ಆತ್ಮಹತ್ಯೆಯ ಅಂಚಿಗೆ ತಳ್ಳುವ, ಅಥವಾ ಅವಳ ಜೀವಕ್ಕೆ, ದೇಹಕ್ಕೆ, ಮನಸ್ಸಿನ ಆರೋಗ್ಯಕ್ಕೆ ಅಪಾಯ ತರುವ ನಡತೆ, ಇಲ್ಲವೇ ಹಣ-ಆಸ್ತಿಗಾಗಿ ಕೊಡುವ ಕಿರುಕುಳ. ‘ನಡತೆ’ ಅನ್ನುವ ಶಬ್ದವನ್ನು ಗಮನಿಸಿ. ಅದನ್ನು ಸಾಬೀತು ಮಾಡಲು ಕಾಲದ ಉದ್ದಕ್ಕೂ ನಡೆದದ್ದನ್ನು ತೋರಿಸಬೇಕಾಗುತ್ತದೆ. ನಮ್ಮ ದೂರುಗಳಲ್ಲಿ ಮಾತ್ರ ನಿನ್ನೆ ರಾತ್ರಿಯ ಜಗಳ ಒಂದೇ ಇರುತ್ತದೆ. ಉಳಿದದ್ದಕ್ಕೆಲ್ಲ ಸೇರಿ ‘ಸುಮಾರು ದಿನಗಳಿಂದ ಕಿರುಕುಳ’ ಅನ್ನುವ ಒಂದು ಸಾಲು. ಆ ಸಾಲನ್ನು ಎದುರು ಪಕ್ಷದ ವಕೀಲರು ಎರಡು ನಿಮಿಷದಲ್ಲಿ ಚಿಂದಿ ಮಾಡುತ್ತಾರೆ.

“ತಾರೀಖು ನೆನಪಿಲ್ಲ ಅಂತಾಳ್ರಿ, ಏನ್ ಮಾಡೂದು?” ಅಂತ ಠಾಣೆಯ ರೈಟರ್ ಕೇಳುತ್ತಾರೆ. ತಾರೀಖು ನೆನಪಿರುವುದಿಲ್ಲ, ನಿಜ. ಆದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ದಿನ ಚೆನ್ನಾಗಿ ನೆನಪಿರುತ್ತದೆ. “ಬನದ ಹುಣ್ಣಿಮಿ ಜಾತ್ರ್ಯಾಗ ನಾಟಕ ನೋಡಿ ಬಂದ ರಾತ್ರಿ.” “ಪಂಚಮಿಗೆ ಅಣ್ಣ ಕರಿಯಾಕ ಬಂದಾಗ, ಕಳಸಲಿಲ್ಲ, ಅವತ್ತು.” “ಜ್ವಾಳಾ ಕೊಯ್ಯೂ ಮುಂದ.” ಬನಶಂಕರಿ ತೇರು ಯಾವ ತಾರೀಖಿಗೆ ಆಯಿತು ಅಂತ ಕ್ಯಾಲೆಂಡರ್ ನೋಡಿದರೆ ಒಂದು ನಿಮಿಷದ ಕೆಲಸ. ತರಬೇತಿ ಪಡೆದ ಅಧಿಕಾರಿ ಮೊದಲು ಹಬ್ಬ ಕೇಳುತ್ತಾರೆ, ಆಮೇಲೆ ತಾರೀಖು ಬರೆಯುತ್ತಾರೆ. ಮೂರು ಜಾತ್ರೆ, ಎರಡು ಪಂಚಮಿ, ಒಂದು ಬಾಣಂತನ ಸೇರಿದರೆ ‘ನಡತೆ’ ತಾನಾಗಿ ಕಣ್ಣಿಗೆ ಕಾಣುತ್ತದೆ.

ಸಾಕ್ಷಿಯೂ ಹಾಗೆಯೇ, ಊರಿನ ಬದುಕಿನ ಒಳಗೇ ಇರುತ್ತದೆ. ಇಳಕಲ್‌ನ ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ನಡುವೆ ಅಳು ಕೇಳಿಸದಿರಬಹುದು. ಆದರೆ ಆ ಮನೆಯ ಮಗ್ಗ ಎರಡು ದಿನ ನಿಂತಿತ್ತು ಅನ್ನುವುದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ. ನೇಯ್ದ ಸೀರೆಗೆ ಕೂಲಿ ಕೊಡುವ ಮಾಲೀಕರ ಲೆಕ್ಕದ ಪುಸ್ತಕದಲ್ಲೂ ಆ ಎರಡು ದಿನ ಖಾಲಿ ಇರುತ್ತವೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಔಷಧಿ ಅಂಗಡಿಯ ಚೀಟಿ, ಹಿಂದೆ “ಬಚ್ಚಲದಾಗ ಜಾರಿ ಬಿದ್ದೆ” ಅಂತ ಬರೆಸಿದ ಆಸ್ಪತ್ರೆಯ ಹಾಳೆ, ಇವೆಲ್ಲ ಕೇಳಿದವರಿಗೆ ಮಾತ್ರ ಸಿಗುವ ಸಾಕ್ಷಿಗಳು.

ತಿಳಿಹೇಳುವುದು ಯಾರ ಕೆಲಸ?

ರಾಜಿ ಆಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಬೇಕಾದದ್ದು ಗಂಡ ಜೈಲಿಗೆ ಹೋಗುವುದಲ್ಲ, ಹೊಡೆತ ನಿಲ್ಲುವುದು. ಅದಕ್ಕೇ ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಾಯಿತು. ಅದರ 5ನೇ ಕಲಂ ಪ್ರಕಾರ, ದೂರು ಬಂದ ಕೂಡಲೇ ಪೊಲೀಸರು ಆಕೆಗೆ ಕೆಲವು ಸಂಗತಿ ಹೇಳಲೇಬೇಕು: ಮ್ಯಾಜಿಸ್ಟ್ರೇಟರ ಹತ್ತಿರ ರಕ್ಷಣೆಯ ಆದೇಶ ಕೇಳಬಹುದು, ರಕ್ಷಣಾಧಿಕಾರಿ ಇದ್ದಾರೆ, ಉಚಿತ ಕಾನೂನು ನೆರವು ಇದೆ, ಬೇಕಿದ್ದರೆ ಕ್ರಿಮಿನಲ್ ದೂರನ್ನೂ ಕೊಡಬಹುದು. ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿ ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅದೇ ಕಚೇರಿ.

ಕೋರ್ಟು ಕೊಟ್ಟ ರಕ್ಷಣೆಯ ಆದೇಶವನ್ನು ಗಂಡ ಮುರಿದರೆ ಅದೇ ಒಂದು ಅಪರಾಧ. ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರದವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದೇಶದ ಪ್ರತಿ ಠಾಣೆಗೂ ಹೋಗಬೇಕು ಅಂತ ಕಾಯ್ದೆಯಲ್ಲೇ ಇದೆ. ಆದರೂ ರಾತ್ರಿ ಹತ್ತಕ್ಕೆ ಅವನು ಬಾಗಿಲು ಬಡಿಯುವಾಗ ಫೋನ್ ಎತ್ತಿದ ಕಾನ್‌ಸ್ಟೆಬಲ್‌ಗೆ ಆ ಕಾಗದ ಎಲ್ಲಿದೆ ಅಂತ ಗೊತ್ತಿರಬೇಕಲ್ಲ? ಇಂಥ ಆದೇಶಗಳಿಗೇ ಒಂದು ಪುಸ್ತಕ, ರಾತ್ರಿ ಪಾಳಿಯವರ ಕೈಗೆ ಸಿಗುವ ಜಾಗದಲ್ಲಿ. ಖರ್ಚು ನೂರು ರೂಪಾಯಿ.

ಗಂಡ ಹೆಂಡಿರ ವಿಷಯದಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಮಾಡಬಹುದು ಅಂತ ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ ನಿಜ. ಆ ವಿಚಾರಣೆ ಅಪರಾಧ ನಡೆದಿರುವಂತೆ ಕಾಣುತ್ತದೆಯೇ ಅಂತ ನೋಡಲು ಇರುವುದು, ಇಬ್ಬರನ್ನೂ ಕೂರಿಸಿ ಕೈ ಕುಲುಕಿಸಲು ಅಲ್ಲ.

“ಸುಳ್ಳು ದೂರು ಇರ್ತಾವಲ್ರಿ?”

ಈ ಪ್ರಶ್ನೆ ಬರದೇ ಇರುವುದಿಲ್ಲ. ನನ್ನ ಉತ್ತರ ಸರಳ. ಸುಳ್ಳು ದೂರನ್ನು ಹಿಡಿಯುವುದೂ ಒಳ್ಳೆಯ ತನಿಖೆಯೇ, ನಿಜವಾದ ದೂರನ್ನು ಉಳಿಸುವುದೂ ಅದೇ. 2014ರ ಅರ್ನೇಶ್ ಕುಮಾರ್ ತೀರ್ಪು, ದೂರು ಬಂತು ಅಂತ ಕಣ್ಣುಮುಚ್ಚಿ ಬಂಧಿಸಬೇಡಿ, ಬಂಧಿಸಿದರೆ ಯಾಕೆ ಅಂತ ಕಾರಣ ಬರೆಯಿರಿ ಅಂದಿತು. ಕೆಲವರು ಅದನ್ನು ‘ಏನೂ ಮಾಡಬೇಡಿ’ ಅಂತ ಓದಿಕೊಂಡರು. ಬಂಧನ ಬೇಡವೆಂದರೆ ತನಿಖೆ ಬೇಡವೆಂದಲ್ಲ. ಎಂಬತ್ತು ವರ್ಷದ ಅತ್ತೆಯ ಹೆಸರು ಸುಮ್ಮನೆ ಸೇರಿಸಿದ್ದರೆ, ‘ಹೆಂಗ, ಎಲ್ಲಿ, ಯಾವಾಗ’ ಅಂತ ಕೇಳಿದಾಗಲೇ ಅದು ಗೊತ್ತಾಗುತ್ತದೆ.

ಎಂಥ ತರಬೇತಿ ಬೇಕು?

ತರಬೇತಿಯೇ ಆಗಿಲ್ಲ ಅಂತಲ್ಲ. 2000ದ ದಶಕದಲ್ಲೇ ಕರ್ನಾಟಕ ಪೊಲೀಸ್ ಇಲಾಖೆ ಯುನಿಸೆಫ್ ಜೊತೆ ಸೇರಿ ಲಿಂಗ ಸಂವೇದನೆ ಮತ್ತು ಜನಸ್ನೇಹಿ ಪೊಲೀಸ್ ಯೋಜನೆ ನಡೆಸಿತ್ತು. ಹೆಣ್ಣುಮಕ್ಕಳ ಜೊತೆ ಹೇಗೆ ಮಾತಾಡಬೇಕು ಅನ್ನುವುದು ಅಂಥ ತರಗತಿಗಳ ಮುಖ್ಯ ಪಾಠ. ಅದು ಬೇಕು. ಆದರೆ ಮೃದುವಾಗಿ ಮಾತಾಡಿ ಖಾಲಿ ಕೈಯಲ್ಲಿ ಕಳಿಸಿದರೆ ಏನು ಬಂತು?

ಮಧ್ಯಪ್ರದೇಶದಲ್ಲಿ 180 ಠಾಣೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆಯ್ದ ಠಾಣೆಗಳಲ್ಲಿ ಮಹಿಳಾ ಹೆಲ್ಪ್ ಡೆಸ್ಕ್ ಇಟ್ಟು, ಕೂತು ಮಾತಾಡಲು ಪ್ರತ್ಯೇಕ ಜಾಗ ಮಾಡಿ, ಹೆಜ್ಜೆ ಹೆಜ್ಜೆಗೂ ಏನು ಮಾಡಬೇಕೆಂಬ ಸೂಚನೆ ಮತ್ತು ತರಬೇತಿ ಕೊಟ್ಟರು. ಆ ಠಾಣೆಗಳಲ್ಲಿ ಪ್ರಕರಣ ದಾಖಲಾಗುವುದು ಹೆಚ್ಚಾಯಿತು. ಡೆಸ್ಕಿಗೆ ಮಹಿಳಾ ಅಧಿಕಾರಿಯನ್ನೇ ಕೂರಿಸಿದ ಕಡೆ ಇನ್ನೂ ಹೆಚ್ಚು. ಬರೀ ಉಪನ್ಯಾಸದಿಂದ ಇದು ಆಗಲಿಲ್ಲ. ಜಾಗ, ಜವಾಬ್ದಾರಿ, ಬರೆದಿಟ್ಟ ಕ್ರಮ, ತರಬೇತಿ ನಾಲ್ಕೂ ಒಟ್ಟಿಗೆ ಬಂದದ್ದರಿಂದ ಆಯಿತು.

ನಮ್ಮ ಜಿಲ್ಲೆಗೆ ನಾನು ಕೇಳುವುದು ಇಷ್ಟೇ. ತರಬೇತಿ ಹೊಸ ಪಿಎಸ್‌ಐಗಳಿಗೆ ಮಾತ್ರ ಬೇಡ. ದೂರು ಮೊದಲು ಕೇಳಿಸಿಕೊಳ್ಳುವ ರೈಟರ್, ಎಎಸ್‌ಐ, ರಾತ್ರಿ ಪಾಳಿಯ ಕಾನ್‌ಸ್ಟೆಬಲ್ಲಿಗೂ ಇರಲಿ. ಒಂದೇ ಕೋಣೆಯಲ್ಲಿ ಪೊಲೀಸರ ಜೊತೆ ತಾಲ್ಲೂಕು ಆಸ್ಪತ್ರೆಯ ವೈದ್ಯರು, ಸಿಡಿಪಿಒ, ಸರ್ಕಾರಿ ವಕೀಲರು ಕೂರಲಿ. ಖುಲಾಸೆಯಾದ ಹಳೆಯ ಕಡತಗಳನ್ನು ಬಿಚ್ಚಿ, ಯಾವ ಪುಟದಲ್ಲಿ ಪ್ರಕರಣ ಬಿದ್ದುಹೋಯಿತು ಅಂತ ನೋಡಲಿ. ಮತ್ತು ಅಪಾಯದ ನಾಲ್ಕು ಪ್ರಶ್ನೆಗಳು ಎಲ್ಲರಿಗೂ ಬಾಯಿಪಾಠ ಆಗಲಿ: ಕುತ್ತಿಗೆ ಹಿಚುಕಿದ್ದಾನಾ? ಕೊಲ್ಲುತ್ತೇನೆ ಅಂದಿದ್ದಾನಾ? ಮನೆಯಲ್ಲಿ ಆಯುಧ ಇದೆಯಾ? ಹೊಡೆತ ಇತ್ತೀಚೆಗೆ ಹೆಚ್ಚಾಗಿದೆಯಾ?

ಬೆದರಿಕೆಯನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅಂತ ದೂರ ಹೋಗಿ ನೋಡಬೇಕಿಲ್ಲ. 2024ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ವೀರಾಪುರ ಓಣಿಯಲ್ಲಿ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತನ್ನ ಮನೆಯಲ್ಲೇ ಕೊಲೆಯಾದಳು. ಅವನ ಬೆದರಿಕೆಯನ್ನು ಮೊದಲೇ ಪೊಲೀಸರಿಗೆ ಹೇಳಿದ್ದೆವು ಅಂತ ಮನೆಯವರು ಅತ್ತರು. ಆಮೇಲೆ ಠಾಣೆಯ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಮಹಿಳಾ ಸಿಬ್ಬಂದಿ ಅಮಾನತಾದರು. ಅದು ಗಂಡನ ಪ್ರಕರಣವಲ್ಲ, ಆದರೆ ಪಾಠ ಅದೇ. ಅಮಾನತು ಬರುವುದು ಸಾವಿನ ನಂತರ. ತರಬೇತಿ ಬರಬೇಕಾದದ್ದು ಮೊದಲು.

ನೀವು ಏನು ಮಾಡಬಹುದು?

ನೀವು ಬೆಂಗಳೂರಿನ ಮೆಟ್ರೋದಲ್ಲೋ ಪುಣೆಯ ಆಫೀಸಿನಲ್ಲೋ ಇದನ್ನು ಓದುತ್ತಿರಬಹುದು. ಊರಲ್ಲಿರುವ ತಂಗಿಯ ಸಾಕ್ಷಿ ಎಷ್ಟೋ ಸಲ ನಿಮ್ಮ ಫೋನಿನಲ್ಲೇ ಇರುತ್ತದೆ. ಅಳುತ್ತ ಕಳಿಸಿದ ವಾಟ್ಸ್‌ಆ್ಯಪ್ ಧ್ವನಿ ಸಂದೇಶ, ಭಾವನ ಬೈಗುಳ, ‘ಅರ್ಜೆಂಟ್ ಬೇಕು’ ಅಂತ ಅವನ ಖಾತೆಗೆ ಹಾಕಿಸಿಕೊಂಡ ರೊಕ್ಕದ ವಿವರ. ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದನ್ನೇ ನಂಬಬೇಡಿ, ಮೂಲ ಸಂದೇಶ ಫೋನಿನಲ್ಲೇ ಇರಲಿ. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಡಿಜಿಟಲ್ ಸಾಕ್ಷಿಗೆ ಪ್ರಮಾಣಪತ್ರ ಬೇಕು. ಅದನ್ನು ಮಾಡಿಸಿ ಅಂತ ತನಿಖಾಧಿಕಾರಿಗೆ ನೆನಪಿಸಿ.

85ನೇ ಕಲಂನ ದೂರನ್ನು ಆಕೆಯೇ ಕೊಡಬೇಕೆಂದಿಲ್ಲ. ಅಣ್ಣ, ಅಕ್ಕ, ಅಪ್ಪ, ಅಮ್ಮ ಕೊಟ್ಟರೂ ನಡೆಯುತ್ತದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರವಣಿಗೆಯಲ್ಲಿ ಕಳಿಸಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಕ್ಕಳಿಗೆ ಈ ನೆರವು ಸಿಗಲು ಆದಾಯದ ಮಿತಿ ಇಲ್ಲ.

ಕೊನೆಯದಾಗಿ ಒಂದು ಮಾತು. ಠಾಣೆಗಿಂತ ಮೊದಲು ಫೋನ್ ಬರುವುದು ನಿಮಗೆ. ಆ ಕಡೆಯಿಂದ “ಅಣ್ಣಾ, ಹೊಡದಾರ” ಅಂದಾಗ, ನಮ್ಮ ಬಾಯಿಗೂ ಮೊದಲು ಬರುವುದು “ಯಾಕ? ಏನಾತು? ನೀ ಏನಂದಿ?” ಅನ್ನುವುದೇ. ಅದನ್ನು ಸ್ವಲ್ಪ ತಡೆದು, “ಎಲ್ಲಿ ಪೆಟ್ಟಾಗೇತಿ? ಉಸರಾಡಾಕ ಬರತೈತೇನು? ಬಾಗಿಲಾ ಹಾಕ್ಕೊಂಡೀಯೇನು?” ಅಂತ ಕೇಳಿ. ಅವಳು ಹೇಳಿದ್ದನ್ನು ಆ ಕ್ಷಣವೇ, ಸಮಯದ ಜೊತೆ ಬರೆದಿಡಿ. ಮುಂದೆ ಒಂದು ದಿನ ಕೋರ್ಟಿನಲ್ಲಿ ಆ ಹಾಳೆ ಅವಳ ಪರವಾಗಿ ಮಾತಾಡೀತು.